ಸ್ಪೇನಿನ ವೈನ್: ಯಾವ ದ್ರಾಕ್ಷಿ ಅಂತ ಕೇಳೋ ಮೊದಲು, ಹೇಗೆ ಇಟ್ಟಿದ್ದರು ಅಂತ ಕೇಳಿ (ಶೆರ್ರಿ, ಕಾವಾ, ರಿಯೋಹಾ)

ಶರಾವತಿ ತೀರ

ನಮ್ಮ ಈ ಗುಂಪಿನಲ್ಲಿ ವೈನ್ ಮಾತು ಬಂದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: "ಯಾವ ದ್ರಾಕ್ಷಿ?" ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ ವೈನಿಗೆ ಆ ಪ್ರಶ್ನೆ ಸಾಕಾಗಬಹುದು. ಸ್ಪೇನಿನ ವೈನಿಗೆ ಸಾಲದು. ಕೆಲಸದ ಮೇಲೆ ಬಾರ್ಸಿಲೋನಾಕ್ಕೆ ಬಂದು ನೆಲೆಸಿದ ಮೇಲೆ ನನಗೆ ಮನದಟ್ಟಾದ ವಿಷಯ ಇದು. ಇಲ್ಲಿ ಮೊದಲು ಕೇಳಬೇಕಾದ್ದು: ಇದನ್ನ ಯಾವುದರಲ್ಲಿ ಇಟ್ಟಿದ್ದರು, ಎಷ್ಟು ಕಾಲ ಇಟ್ಟಿದ್ದರು, ಗಾಳಿ ತಾಗಿತ್ತಾ ಇಲ್ವಾ?

ಇದಕ್ಕೆ ಶೆರ್ರಿಗಿಂತ ಒಳ್ಳೆ ಸಾಕ್ಷಿ ಇಲ್ಲ. ದಕ್ಷಿಣದ ಕಾದಿಸ್ ಪ್ರಾಂತ್ಯದಲ್ಲಿ ಹೆರೆಸ್, ಸಾನ್‌ಲೂಕರ್, ಎಲ್ ಪುಯೆರ್ತೊ ಅಂತ ಮೂರು ಊರಿವೆ. ಶೆರ್ರಿ ಅನ್ನೋ ವೈನಿನ ತವರು ಇವೇ. ಅಲ್ಲಿನ ತೋಟಗಳಲ್ಲಿ ಹೆಚ್ಚೂಕಮ್ಮಿ ಎಲ್ಲವೂ ಪಾಲೊಮಿನೊ ಅನ್ನೋ ಒಂದೇ ಬಿಳಿ ದ್ರಾಕ್ಷಿ. ಅದರ ಹೊಸ ವೈನ್ ಕುಡಿದರೆ ಅಂಥ ವಿಶೇಷವೇನೂ ಕಾಣೋದಿಲ್ಲ. ಹುಳಿ ಕಮ್ಮಿ, ಪರಿಮಳ ಕಮ್ಮಿ. ಆದರೆ ಅದೇ ದ್ರಾಕ್ಷಿಯಿಂದ ನೀರಿನಷ್ಟು ತಿಳಿಯಾದ ಫಿನೊ ಅನ್ನೋ ಶೆರ್ರಿ ಬರುತ್ತದೆ. ಕಡು ಕಂದು ಬಣ್ಣದ ಒಲೊರೊಸೊ ಕೂಡ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದವರಿಗೆ ಇವು ಒಂದೇ ಹಣ್ಣಿನವು ಅಂದರೆ ನಂಬಿಕೆ ಬರೋದಿಲ್ಲ.

ವ್ಯತ್ಯಾಸ ಶುರುವಾಗೋದು ಮದ್ಯಸಾರ ಸೇರಿಸುವ ಹೊತ್ತಿನಲ್ಲಿ. ಹುದುಗಿದ ವೈನಿಗೆ ದ್ರಾಕ್ಷಿಯ ಮದ್ಯಸಾರ ಸೇರಿಸಿ ಶೇ. 15ಕ್ಕೆ ತಂದರೆ, ಪೀಪಾಯಿಯೊಳಗೆ ವೈನಿನ ಮೇಲೆ ಯೀಸ್ಟಿನ ಪದರ ಕಟ್ಟುತ್ತದೆ. ಅದಕ್ಕೆ ಫ್ಲೋರ್ ಅನ್ನುತ್ತಾರೆ. ಆರಿದ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ನೋಡೋದಕ್ಕೆ ಹಾಗೇ. ಈ ಪದರ ವೈನಿಗೆ ಗಾಳಿ ತಾಗದ ಹಾಗೆ ಕಾಯುತ್ತದೆ. ಜೊತೆಗೆ ವೈನಿನ ಗ್ಲಿಸರಿನ್ನನ್ನು, ಸ್ವಲ್ಪ ಆಲ್ಕೋಹಾಲನ್ನು ತಾನೇ ತಿನ್ನುತ್ತದೆ. ಹಾಗಾಗಿ ಫಿನೊದಲ್ಲಿ ಸಕ್ಕರೆಯೂ ಇಲ್ಲ, ನಾಲಿಗೆ ಮೇಲೆ ಜಿಡ್ಡೂ ಇಲ್ಲ. ಹಸಿ ಬಾದಾಮಿ, ಕೊಯ್ದಿಟ್ಟ ಸೇಬು, ಹಸಿ ಬ್ರೆಡ್ ಹಿಟ್ಟಿನ ವಾಸನೆ ಬರುತ್ತದೆ. ಕೊನೆಗೆ ತೆಳು ಕಹಿ, ಉಪ್ಪುಪ್ಪು.

ಅದೇ ಶೇ. 17 ದಾಟಿಸಿದರೆ ಯೀಸ್ಟ್ ಬದುಕೋದಿಲ್ಲ. ವೈನು ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡೇ ಹಣ್ಣಾಗುತ್ತದೆ. ಅದು ಒಲೊರೊಸೊ. ಆಕ್ರೋಟ, ಹಳೇ ಮರ, ಒಣ ಕಿತ್ತಳೆ ಸಿಪ್ಪೆ, ತಂಬಾಕು. ವಾಸನೆ ನೋಡಿದರೆ ಸಿಹಿ ಅನ್ನಿಸುತ್ತದೆ, ಬಾಯಿಗೆ ಹಾಕಿದರೆ ಸಕ್ಕರೆ ಇರೋದಿಲ್ಲ. ಇದೇ ನನಗೆ ಅದರಲ್ಲಿ ತುಂಬ ಇಷ್ಟ.

ಶೇ. 15 ಮತ್ತು 17. ಬರೀ ಎರಡು ಅಂಕಿ ವ್ಯತ್ಯಾಸಕ್ಕೆ ಎರಡು ಬೇರೆ ಲೋಕ. ನಿಮ್ಮೆಲ್ಲರ ಅನುಭವ ಏನು, ಬರೆಯಿರಿ.

ಧಾರವಾಡದ ಮಳಿ

ಚಂದ ಬರ್ದೀರಿ ಸರ್. ನಮ್ಮ ಕಡೆ ಶೆರ್ರಿ ಅಂದ್ರೆ ಸಿಹಿ, ಕೇಕಿಗೆ ಹಾಕೋದು ಅಂತನೇ ಎಲ್ಲಾರೂ ಹೇಳ್ತಾರ. ನೀವು ಸಕ್ಕರೆನೇ ಇಲ್ಲ ಅಂತೀರಿ. ಹಂಗಾದ್ರ ಸಿಹಿ ಶೆರ್ರಿ ಯಾವುದು? ಮೊದಲ ಸಲ ಕುಡಿಯೋರು ಎಲ್ಲಿಂದ ಶುರು ಮಾಡ್ಬೇಕು?

ಲಂಡನ್ ಕನ್ನಡತಿ

ನಾನು ಇಲ್ಲಿ ವೈನ್ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಈ ಪ್ರಶ್ನೆ ದಿನಾ ಬರುತ್ತೆ, ಅದಕ್ಕೇ ಉತ್ತರ ಕೊಡೋಣ ಅಂತ.

ಸಿಹಿ ಶೆರ್ರಿಯ ಹೆಸರು ಹಬ್ಬಿದ್ದು ಇಂಗ್ಲೆಂಡಿನಿಂದ. ಒಲೊರೊಸೊಗೆ ಪೆದ್ರೊ ಹಿಮೆನೆಸ್ ಅನ್ನೋ ಸಿಹಿ ವೈನ್ ಬೆರೆಸಿ 'ಕ್ರೀಮ್' ಅಂತ ಮಾರುತ್ತಾ ಬಂದರು. ಬ್ರಿಟಿಷರ ಅಜ್ಜಿ ತಾತಂದಿರ ಕಪಾಟಿನಲ್ಲಿ ಇದ್ದದ್ದು ಅದು. ಬ್ರಿಟಿಷರು ಎಲ್ಲೆಲ್ಲಿ ಹೋದರೋ ಅಲ್ಲೆಲ್ಲ ಶೆರ್ರಿ ಅಂದರೆ ಅದೇ ಅಂತಾಯಿತು. ಹೆರೆಸ್ ಊರಿನ ಬಾರಿಗೆ ಹೋದರೆ ಜನ ಕುಡಿಯೋದು ಮಂಜಿನಷ್ಟು ತಣ್ಣಗಿರೋ ಫಿನೊ.

ಪೆದ್ರೊ ಹಿಮೆನೆಸ್ ದ್ರಾಕ್ಷಿಯ ಹೆಸರೂ ಹೌದು, ವೈನಿನ ಹೆಸರೂ ಹೌದು. ಗೊಂಚಲನ್ನ ಕೊಯ್ದು ಚಾಪೆ ಮೇಲೆ ಬಿಸಿಲಿಗೆ ಹರಡಿ ಒಣಗಿಸ್ತಾರೆ. ಅರ್ಧ ಒಣದ್ರಾಕ್ಷಿ ಆದ ಮೇಲೆ ಹಿಂಡ್ತಾರೆ. ನಿಯಮದ ಪ್ರಕಾರ ಲೀಟರಿಗೆ ಕನಿಷ್ಠ 212 ಗ್ರಾಂ ಸಕ್ಕರೆ ಇರಬೇಕು. ಬಹಳಷ್ಟು ಬಾಟಲಿಗಳಲ್ಲಿ 300, 400 ಗ್ರಾಂ ಇರುತ್ತೆ. ಗ್ಲಾಸನ್ನ ಓರೆ ಮಾಡಿದರೆ ಗೋಡೆಗೆ ಕಂದು ಬಣ್ಣ ಅಂಟಿಕೊಂಡೇ ಇರುತ್ತೆ. ಅಂಜೂರ, ಖರ್ಜೂರ, ಕಾಫಿ ಡಿಕಾಕ್ಷನ್. ಈ ದ್ರಾಕ್ಷಿ ಹೆಚ್ಚಾಗಿ ಬೆಳೆಯೋದು ಹೆರೆಸ್‌ನಲ್ಲಲ್ಲ, ಒಳನಾಡಿನ ಕೊರ್ದೊಬಾ ಹತ್ತಿರದ ಮೊಂತಿಯಾ-ಮೊರಿಲೆಸ್‌ನಲ್ಲಿ. ಅಲ್ಲಿಂದ ಹೊಸ ವೈನ್ ತಂದು ಹೆರೆಸ್‌ನಲ್ಲಿ ಹಣ್ಣು ಮಾಡೋದಕ್ಕೆ ಅನುಮತಿ ಇದೆ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಫಿನೊದಿಂದ ಬೇಡ ಅಂತ ನನ್ನ ಸಲಹೆ. ಅಮೊಂತಿಯಾದೊದಿಂದ ಶುರು ಮಾಡಿ. ಅದು ಮೊದಲ ಕೆಲವು ವರ್ಷ ಫ್ಲೋರ್ ಕೆಳಗೆ ಇರುತ್ತೆ, ಆಮೇಲೆ ಫ್ಲೋರ್ ಸತ್ತು ಗಾಳಿಗೆ ತೆರೆದುಕೊಳ್ಳುತ್ತೆ. ಎರಡೂ ಕಡೆಯ ರುಚಿ ಒಂದೇ ಗ್ಲಾಸಲ್ಲಿ ಸಿಗುತ್ತೆ. ಅದು ಹಿಡಿಸಿದ ಮೇಲೆ ಎಡಕ್ಕೆ ಫಿನೊ, ಬಲಕ್ಕೆ ಒಲೊರೊಸೊ.

ಮಾಲ್ಟ್ ಮೋಹಿ

ನಾನು ವಿಸ್ಕಿ ಕಡೆಯವನು. ನಮ್ಮ ಬೆಂಗಳೂರಿನ ಅಮೃತ್‌ನವರ 'ಇಂಟರ್ಮೀಡಿಯೆಟ್ ಶೆರ್ರಿ' ಕುಡಿದ ಮೇಲೆ ನನಗೆ ಶೆರ್ರಿ ಅಂದರೇನು ಅಂತ ತಿಳಿಯೋ ಆಸೆ ಹುಟ್ಟಿತು. ಬರ್ಬನ್ (ಅಮೆರಿಕದ ವಿಸ್ಕಿ) ಪೀಪಾಯಿಯಲ್ಲಿಟ್ಟ ಮಾಲ್ಟ್ ವಿಸ್ಕಿಯನ್ನ ಶೆರ್ರಿ ಪೀಪಾಯಿಗೆ ಹಾಕಿ, ಮತ್ತೆ ಬರ್ಬನ್ ಪೀಪಾಯಿಗೆ ತಂದು ಮುಗಿಸ್ತಾರೆ. ಒಣಹಣ್ಣಿನ ರುಚಿ ಚೆನ್ನಾಗಿ ಬರುತ್ತೆ.

ನನ್ನ ಪ್ರಶ್ನೆ: ಈ ಪೀಪಾಯಿಗಳಲ್ಲೇನಾ ನೀವು ಹೇಳೋ ಫಿನೊ, ಒಲೊರೊಸೊ ವರ್ಷಗಟ್ಟಲೆ ಇರೋದು? ಅಂಥ ಪೀಪಾಯಿಗಳನ್ನ ಮಾರಿಬಿಟ್ಟರೆ ಅವರು ವೈನ್ ಎಲ್ಲಿಡ್ತಾರೆ?

ಶರಾವತಿ ತೀರ

ಒಳ್ಳೇ ಪ್ರಶ್ನೆ ಕೇಳಿದ್ರಿ ಮೋಹಿ ಅವರೇ. ಇವು ಎರಡೂ ಬೇರೆ ಬೇರೆ ಪೀಪಾಯಿ.

ಶೆರ್ರಿ ಹಣ್ಣಾಗೋ ಪೀಪಾಯಿ ತುಂಬ ಹಳೇದು. ಅಮೆರಿಕದ ಓಕ್ ಮರದ್ದು, ಸುಮಾರು 600 ಲೀಟರ್ ಹಿಡಿಯುತ್ತದೆ. ಫ್ಲೋರ್ ಬೆಳೆಯಲಿ ಅಂತ 500 ಲೀಟರಷ್ಟೇ ತುಂಬಿ ಮೇಲೆ ಜಾಗ ಬಿಡುತ್ತಾರೆ. ಅದರ ಮರದ ರುಚಿ ಎಷ್ಟೋ ವರ್ಷದ ಹಿಂದೆಯೇ ಬಿಟ್ಟುಹೋಗಿರುತ್ತದೆ. ಅವರಿಗೆ ಬೇಕಾಗಿರೋದೂ ಅದೇ. ಮರ ಮಾತಾಡಬಾರದು, ಗಾಳಿ ಮತ್ತು ಯೀಸ್ಟ್ ಮಾತಾಡಬೇಕು. ಆ ಪೀಪಾಯಿಗಳನ್ನ ಸುಲಭಕ್ಕೆ ಯಾರೂ ಮಾರೋದಿಲ್ಲ.

ಹಿಂದಿನ ಕಾಲದಲ್ಲಿ ಶೆರ್ರಿಯನ್ನ ಪೀಪಾಯಿಯಲ್ಲೇ ತುಂಬಿ ಹಡಗಿನಲ್ಲಿ ಬ್ರಿಟನ್ನಿಗೆ ಕಳಿಸುತ್ತಿದ್ದರು. ಖಾಲಿಯಾದ ಪೀಪಾಯಿ ಸ್ಕಾಟ್ಲೆಂಡಿನ ವಿಸ್ಕಿಯವರ ಪಾಲಾಗುತ್ತಿತ್ತು. 1980ರ ದಶಕದಲ್ಲಿ ಅದು ನಿಂತಿತು, ಬಾಟಲಿಯಲ್ಲೇ ತುಂಬಿ ಕಳಿಸಬೇಕು ಅಂತಾಯಿತು. ಆಮೇಲೆ ವಿಸ್ಕಿಯವರಿಗಾಗಿಯೇ ಹೊಸ ಪೀಪಾಯಿ ಮಾಡಿ, ಅದರಲ್ಲಿ ಒಂದೆರಡು ವರ್ಷ ಶೆರ್ರಿ ಇಟ್ಟು ಹದ ಮಾಡಿ ಮಾರೋ ಉದ್ಯಮ ಬೆಳೆಯಿತು. ಹಾಗಾಗಿ ವಿಸ್ಕಿಯ 'ಶೆರ್ರಿ ರುಚಿ'ಯಲ್ಲಿ ಹೊಸ ಓಕ್ ಮರದ ಪಾಲು ದೊಡ್ಡದು. ಅದನ್ನ ಕುಡಿದು ಒಲೊರೊಸೊ ಹೀಗೇ ಇರುತ್ತೆ ಅಂದುಕೊಳ್ಳಬೇಡಿ. ಒಲೊರೊಸೊವನ್ನೇ ಕುಡಿದು ನೋಡಿ. ಮಾಲ್ಟ್ ಇಷ್ಟಪಡೋರಿಗೆ ಅದು ಖಂಡಿತ ಹಿಡಿಸುತ್ತದೆ.

ಶೆರ್ರಿ ಹಣ್ಣು ಮಾಡೋ ಸೊಲೆರಾ ಅನ್ನೋ ಪದ್ಧತಿ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ಪೀಪಾಯಿಗಳನ್ನ ಸಾಲು ಸಾಲಾಗಿ ಜೋಡಿಸಿರುತ್ತಾರೆ. ಬಾಟಲಿಗೆ ತೆಗೆಯೋದು ಅತಿ ಹಳೇ ಸಾಲಿನಿಂದ, ಅದೂ ಸ್ವಲ್ಪ ಮಾತ್ರ. ತೆಗೆದಷ್ಟನ್ನ ಅದಕ್ಕಿಂತ ಹೊಸ ಸಾಲಿನಿಂದ ತುಂಬುತ್ತಾರೆ, ಅದನ್ನ ಅದರ ಹಿಂದಿನ ಸಾಲಿನಿಂದ. ಹೀಗೇ ಹೋಗಿ ಕೊನೆಯ ಸಾಲಿಗೆ ಈ ವರ್ಷದ ವೈನ್ ಸೇರುತ್ತದೆ. ಯಾವ ಪೀಪಾಯಿಯೂ ಪೂರ್ತಿ ಖಾಲಿಯಾಗೋದಿಲ್ಲ. ಅದಕ್ಕೇ ಹೆಚ್ಚಿನ ಶೆರ್ರಿಗೆ ಇಸವಿ ಇರೋದಿಲ್ಲ. ಲೇಬಲ್ಲಿನಲ್ಲಿ 'ಸೊಲೆರಾ' ಅಂತ ಬರೆದು ಪಕ್ಕದಲ್ಲಿ ಯಾವುದೋ ಹಳೇ ಇಸವಿ ಇದ್ದರೆ, ಒಳಗಿರೋ ವೈನ್ ಅಷ್ಟು ಹಳೇದು ಅಂತ ಅಲ್ಲ. ವಯಸ್ಸು ನೋಡಬೇಕು ಅಂದರೆ ವಿಓಎಸ್, ವಿಓಆರ್‌ಎಸ್ ಅನ್ನೋ ಅಕ್ಷರ ಹುಡುಕಿ. ಮೊದಲನೆಯದು ಸರಾಸರಿ 20 ವರ್ಷಕ್ಕಿಂತ ಜಾಸ್ತಿ, ಎರಡನೆಯದು 30 ವರ್ಷಕ್ಕಿಂತ ಜಾಸ್ತಿ.

ಕಲ್ಲುಕಂಬ

ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ. ಬೆಂಗಳೂರು ನೀಲಿ ಜಾಸ್ತಿ ಬೆಳೀತೀವಿ. ಓದ್ತಾ ಇದ್ದೆ, ಒಂದು ಮಾತು ಹೇಳಬೇಕು ಅನ್ನಿಸ್ತು.

ಎಲ್ಲವೂ ಪೀಪಾಯಿಯಲ್ಲೇ ಆಗುತ್ತೆ ಅನ್ನೋ ಹಾಗೆ ಬರೆದಿದ್ದೀರಿ. ತೋಟದಲ್ಲಿ ಕೆಲಸ ಮಾಡೋರಿಗೆ ಇದನ್ನ ಒಪ್ಪೋದು ಕಷ್ಟ. ಹೆರೆಸ್ ತೋಟಗಳ ಬಗ್ಗೆ ನಾನು ಓದಿದ್ದು ಬೇರೆ. ಅಲ್ಲಿನ ಮಣ್ಣು ಸುಣ್ಣದಷ್ಟು ಬಿಳಿ, ಅಲ್ಬರೀಸಾ ಅಂತಾರೆ. ಮಳೆ ಎಲ್ಲಾ ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಹನಿ ಇಲ್ಲ. ಕೊಯ್ಲು ಮುಗಿದ ಮೇಲೆ ಸಾಲುಗಳ ನಡುವೆ ಗುಂಡಿ ಗುಂಡಿಯಾಗಿ ಮಣ್ಣು ಎಳೆದು ಬದು ಕಟ್ತಾರೆ. ಇಳಿಜಾರಲ್ಲಿ ನೀರು ಹರಿದುಹೋಗದೆ ಅಲ್ಲೇ ಇಂಗುತ್ತೆ. ಮೇಲ್ಪದರ ಒಣಗಿ ಗಟ್ಟಿಯಾಗಿ ಒಳಗಿನ ತೇವ ಆರದ ಹಾಗೆ ಮುಚ್ಚುತ್ತೆ. ಬೇರು ಆಳಕ್ಕೆ ಇಳಿದು ಬೇಸಿಗೆ ಪೂರ್ತಿ ಆ ನೀರಲ್ಲೇ ಬದುಕುತ್ತೆ. ಈ ಕೆಲಸ ಮಾಡದಿದ್ದರೆ ನಿಮ್ಮ ಪೀಪಾಯಿಗೆ ಹಾಕೋದಕ್ಕೆ ಏನಿರುತ್ತೆ?

ಇನ್ನೊಂದು. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಅಲ್ಬರೀನ್ಯೊ ಅನ್ನೋ ಬಿಳಿ ದ್ರಾಕ್ಷಿ ಬೆಳೀತಾರೆ. ಅದರ ತೋಟದ ಫೋಟೊ ನೋಡಿ ನಮ್ಮೂರೇ ಅನ್ನಿಸ್ತು. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು, ಚಪ್ಪರ ಹಬ್ಬಿಸಿದ್ದಾರೆ. ಅಲ್ಲೂ ಗ್ರಾನೈಟ್ ಕಂಬ, ಇಲ್ಲೂ ಗ್ರಾನೈಟ್ ಕಂಬ. ಅಲ್ಲಿ ಅಟ್ಲಾಂಟಿಕ್ ಮಳೆ ಜಾಸ್ತಿ, ನೆಲದ ತೇವ ಗೊಂಚಲಿಗೆ ತಾಗಿದರೆ ಬೂಜು ಹತ್ತುತ್ತೆ. ಎತ್ತರದ ಚಪ್ಪರದಲ್ಲಿ ಅಡಿಯಿಂದ ಗಾಳಿ ಆಡುತ್ತೆ. ಡೌನಿ ರೋಗಕ್ಕೆ ಔಷಧಿ ಹೊಡೆದು ಹೊಡೆದು ಸುಸ್ತಾದ ನಮಗೆ ಆ ಚಪ್ಪರದ ಬೆಲೆ ಚೆನ್ನಾಗಿ ಗೊತ್ತು. ಆ ವೈನು ಹೇಗಿರುತ್ತೆ, ಕುಡಿದವರು ಹೇಳಿ.

ಲಂಡನ್ ಕನ್ನಡತಿ

ಕಲ್ಲುಕಂಬ ಅಣ್ಣಾ, ನಿಮ್ಮ ಮಾತಿಗೆ ನನ್ನ ಪೂರ್ತಿ ಬೆಂಬಲ. ಇದನ್ನ ಯಾರಾದರೂ ಹೇಳಬೇಕಿತ್ತು.

ಅಲ್ಬರೀನ್ಯೊ ಹೇಗಿರುತ್ತೆ ಅಂದರೆ, ಮೊದಲು ಮೂಸಿದಾಗ ಹಸಿ ಪೀಚ್, ನಿಂಬೆ ಸಿಪ್ಪೆ. ಕುಡಿದಾಗ ಚುರುಕಾದ ಹುಳಿ, ಕೊನೆಗೆ ತುಟಿ ಮೇಲೆ ಉಪ್ಪು ಉಳಿದ ಹಾಗಿರುತ್ತೆ. ಹೆಚ್ಚಿನವನ್ನ ಸ್ಟೀಲ್ ತೊಟ್ಟಿಯಲ್ಲಿ ಮಾಡಿ ಬೇಗ ಬಾಟಲಿಗೆ ತುಂಬ್ತಾರೆ. ಮರ ಇಲ್ಲ, ಕಾಲ ಇಲ್ಲ. ದ್ರಾಕ್ಷಿ, ಮಣ್ಣು, ಮಳೆ ಅಷ್ಟೇ. ಶರಾವತಿ ಅವರ ಪ್ರಶ್ನೆಯನ್ನ ಇದಕ್ಕೆ ಕೇಳಿದರೆ ಉತ್ತರ ಸಿಗೋದಿಲ್ಲ.

ಹೆರೆಸ್‌ನಲ್ಲೂ ಈಗ ಗಾಳಿ ತೋಟದ ಕಡೆ ಬೀಸ್ತಿದೆ. ಮಚಾರ್ನೂದೊ, ಬಲ್ಬೈನಾ, ಮಿರಾಫ್ಲೋರೆಸ್ ಅಂತ ಹೆಸರು ಮಾಡಿದ ತೋಟಪ್ರದೇಶಗಳು ಅಲ್ಲಿ ಹಿಂದಿನಿಂದಲೂ ಇವೆ. ಈಚಿನ ವರ್ಷಗಳಲ್ಲಿ ಕೆಲವರು ಮದ್ಯಸಾರ ಸೇರಿಸದೇ, ಒಂದೇ ತೋಟದ ಪಾಲೊಮಿನೊದಿಂದ ಬಿಳಿ ವೈನ್ ಮಾಡ್ತಿದ್ದಾರೆ. ಪಾಲೊಮಿನೊಗೆ ವಿಶೇಷ ಇಲ್ಲ ಅನ್ನೋರು ಅದನ್ನ ಕುಡಿಯಬೇಕು. ಸುಣ್ಣದ ಮಣ್ಣಿನ ಬಿಗಿ ನಾಲಿಗೆಗೆ ಗೊತ್ತಾಗುತ್ತೆ. ಉತ್ತರ ಸ್ಪೇನಿನ ರಿಯೋಹಾ ಪ್ರದೇಶ ಕೂಡ 2017ರಲ್ಲಿ ಒಂದೇ ತೋಟದ ವೈನಿಗೆ ಪ್ರತ್ಯೇಕ ದರ್ಜೆ ತಂದಿತು. ಕತಲೋನಿಯಾದ ಪ್ರಿಯೊರಾತ್‌ನ ಕಪ್ಪು ಸ್ಲೇಟು ಕಲ್ಲಿನ ಗುಡ್ಡಗಳಲ್ಲಿ ಹಳೇ ಗಾರ್ನಾಚಾ, ಕಾರಿನ್ಯೆನಾ ಬಳ್ಳಿಗಳಿಂದ ಬರೋ ಕೆಂಪು ವೈನ್ ಕುಡಿದವರು ಮಣ್ಣು ಮುಖ್ಯ ಅಲ್ಲ ಅನ್ನೋದಕ್ಕೆ ಸಾಧ್ಯಾನೇ ಇಲ್ಲ.

ಶರಾವತಿ ತೀರ

> ಶರಾವತಿ ಅವರ ಪ್ರಶ್ನೆಯನ್ನ ಇದಕ್ಕೆ ಕೇಳಿದರೆ ಉತ್ತರ ಸಿಗೋದಿಲ್ಲ.

ಅಲ್ಬರೀನ್ಯೊ ವಿಷಯದಲ್ಲಿ ನಿಮ್ಮ ಮಾತು ನಿಲ್ಲುತ್ತದೆ. ಆದರೂ ಅಲ್ಲೇ ಕೆಲವರು ಯೀಸ್ಟಿನ ಗಷ್ಟಿನ ಮೇಲೆ ತಿಂಗಳುಗಟ್ಟಲೆ ಬಿಟ್ಟ ಅಲ್ಬರೀನ್ಯೊ ಮಾಡುತ್ತಾರೆ. ಎರಡನ್ನೂ ಹೋಲಿಸಿ ಕುಡಿದರೆ ಕಾಲ ಏನು ಮಾಡುತ್ತೆ ಅಂತ ಗೊತ್ತಾಗುತ್ತದೆ. ಶೆರ್ರಿಯಲ್ಲಿ ಮಾತ್ರ ನಾನು ಸೋಲೋದಿಲ್ಲ. ಸಾನ್‌ಲೂಕರ್‌ನ ಒಂದು ಬೊದೆಗಾದಲ್ಲಿ, ಅಂದರೆ ವೈನ್ ಪೀಪಾಯಿ ಇಡೋ ಕಟ್ಟಡದಲ್ಲಿ, ನೋಡಿದ್ದು ಹೇಳ್ತೀನಿ.

ಒಳಗೆ ಕಾಲಿಟ್ಟ ಕೂಡಲೇ ತಂಪು. ಹೊರಗೆ ಉರಿಬಿಸಿಲು. ಮಾಡು ಬಹಳ ಎತ್ತರ, ಕಿಟಕಿಗಳು ಚಾವಣಿಯ ಹತ್ತಿರ, ಅದಕ್ಕೆ ಹುಲ್ಲಿನ ಚಾಪೆ ಇಳಿಬಿಟ್ಟಿದ್ದರು. ನೆಲಕ್ಕೆ ಸಿಮೆಂಟ್ ಇಲ್ಲ, ಹಳದಿ ಮರಳು. ಅದಕ್ಕೆ ನೀರು ಚಿಮುಕಿಸಿದ್ದರು. ಫ್ಲೋರ್‌ಗೆ ತೇವ ಬೇಕು, ತಂಪು ಬೇಕು. ಊರಿನ ಅಂಚಿಗೇ ಗ್ವಾದಲ್‌ಕಿವಿರ್ ನದಿ ಸಮುದ್ರ ಸೇರುತ್ತದೆ, ಪಡುವಣ ಗಾಳಿ ಆ ಕಿಟಕಿಗಳಿಂದ ನೇರ ಒಳಗೆ ಬರುತ್ತದೆ. ಪೀಪಾಯಿ ತೋರಿಸುತ್ತಿದ್ದವರು ವೆನೆನ್ಸಿಯಾ ತೆಗೆದುಕೊಂಡರು. ಉದ್ದ ಬಾಗುವ ಕಡ್ಡಿಯ ತುದಿಗೆ ಕಿರಿದಾದ ಬಟ್ಟಲು. ಅದು ಯಾಕೆ ಅಷ್ಟು ಸಪೂರ ಅಂದರೆ, ಫ್ಲೋರ್ ಪದರ ಜಾಸ್ತಿ ಹರಿಯಬಾರದು. ಒಂದೇ ಏಟಿಗೆ ಒಳಗೆ ಇಳಿಸಿ ಮೇಲೆತ್ತಿದರು. ಕೈ ಪೂರ್ತಿ ಮೇಲೆ ಚಾಚಿ, ಇನ್ನೊಂದು ಕೈಯಲ್ಲಿ ಸೊಂಟದ ಹತ್ತಿರ ಹಿಡಿದ ಸಣ್ಣ ಗ್ಲಾಸಿಗೆ ನೂಲಿನ ಹಾಗೆ ಸುರಿದರು. ಗ್ಲಾಸಿನಲ್ಲಿ ಫ್ಲೋರ್‌ನ ಬಿಳಿ ಚೂರು ಒಂದೆರಡು ತೇಲುತ್ತಿತ್ತು. ಸೋಸದೇ ಇದ್ದ ಆ ಮಾನ್ಸಾನಿಯಾ ಬಾಟಲಿಯದ್ದಕ್ಕಿಂತ ಬಣ್ಣದಲ್ಲಿ ಗಾಢ. ಹಸಿ ಹಿಟ್ಟಿನ ವಾಸನೆ ಎರಡು ಪಟ್ಟು.

ಫಿನೊ ಮಾಡೋ ಹಾಗೇ ಮಾಡಿದ್ದನ್ನ ಸಾನ್‌ಲೂಕರ್‌ನಲ್ಲಿ ಇಟ್ಟರೆ ಮಾತ್ರ ಅದು ಮಾನ್ಸಾನಿಯಾ. ಹೆರೆಸ್ ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ಸೆಖೆ ಜಾಸ್ತಿಯಾದಾಗ ಫ್ಲೋರ್ ತೆಳುವಾಗುತ್ತದೆ. ಸಾನ್‌ಲೂಕರ್‌ನಲ್ಲಿ ವರ್ಷಪೂರ್ತಿ ದಪ್ಪಗಿರುತ್ತದೆ. ದ್ರಾಕ್ಷಿ ಒಂದೇ, ಮಣ್ಣೂ ಒಂದೇ ಆಗಿದ್ದರೂ ಇಟ್ಟ ಊರು ಬೇರೆಯಾದರೆ ವೈನ್ ಬೇರೆ. ಕಲ್ಲುಕಂಬ ಅವರೇ, ತೋಟದ ಕೆಲಸ ಸಣ್ಣದು ಅಂತ ನಾನು ಹೇಳ್ತಿಲ್ಲ. ಆ ಗುಂಡಿ ತೋಡೋ ವಿಷಯ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ಅಲ್ಲಿ ಎಲ್ಲರೂ ಬೊದೆಗಾ ತೋರಿಸ್ತಾರೆ, ತೋಟದ ಕೆಲಸ ತೋರಿಸೋರು ಕಮ್ಮಿ.

ಕಲ್ಲುಕಂಬ

ಕಿಟಕಿ ಯಾವ ಕಡೆಗಿರಬೇಕು, ನೆಲಕ್ಕೆ ಏನು ಹಾಕಬೇಕು ಅಂತ ನೋಡಿಕೊಳ್ಳೋದೂ ಒಂಥರಾ ಬೇಸಾಯವೇ ಸರ್. ಒಪ್ಪಿದೆ. ಆದರೆ ದ್ರಾಕ್ಷಿ ಕೊಟ್ಟವನ ಹೆಸರು ಬಾಟಲಿ ಮೇಲೆ ಬರಲಿ ಅನ್ನೋ ನನ್ನ ಆಸೆ ಹಾಗೇ ಇದೆ.

ಕುಡ್ಲದ ಹುಡುಗಿ

ಇಷ್ಟು ಹೊತ್ತು ಬರೀ ಶೆರ್ರಿಯೇ ಆಯಿತು ಮಾರಾಯ್ರೆ. ಕಾವಾ ಬಗ್ಗೆ ಯಾರಾದರೂ ಹೇಳಿ. ಅಣ್ಣ ವಿದೇಶದಿಂದ ಬರುವಾಗ ಒಂದು ಬಾಟಲಿ ತಂದಿದ್ದಾನೆ, 'ಬ್ರೂತ್ ನಾತುರೆ' ಅಂತ ಬರೆದಿದೆ. ಶಾಂಪೇನಿಗೂ ಇದಕ್ಕೂ ಏನು ವ್ಯತ್ಯಾಸ? ಮೀನಿನ ಜೊತೆ ಆಗ್ತದಾ?

ಶರಾವತಿ ತೀರ

ಕಾವಾ ಅನ್ನೋ ಗುಳ್ಳೆ ವೈನ್ ನಮ್ಮ ಪಕ್ಕದ್ದೇ. ಬಾರ್ಸಿಲೋನಾದಿಂದ ರೈಲು ಹತ್ತಿದರೆ ಸಾಂತ್ ಸದುರ್ನಿ ಊರಿನಲ್ಲಿ ಇಳಿಯಬಹುದು. ಕೊದೊರ್ನಿಯು ಮನೆತನದ ಜುಜೆಪ್ ರವೆಂತೋಸ್ 1872ರಲ್ಲಿ ಶಾಂಪೇನ್ ವಿಧಾನದಲ್ಲಿ ಮೊದಲ ಗುಳ್ಳೆ ವೈನ್ ಮಾಡಿದ್ದು ಅಲ್ಲೇ. ವಿಧಾನ ಶಾಂಪೇನಿನದ್ದೇ. ಮೊದಲು ಸಾದಾ ವೈನ್ ಮಾಡಿ, ಬಾಟಲಿಗೆ ತುಂಬಿ, ಸಕ್ಕರೆ ಮತ್ತು ಯೀಸ್ಟ್ ಹಾಕಿ ಮುಚ್ಚುತ್ತಾರೆ. ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ. ಗುಳ್ಳೆ ಬರೋದು ಅಲ್ಲಿಂದ. ಇಟಲಿಯ ಪ್ರೊಸೆಕ್ಕೊಗೆ ಆ ಎರಡನೇ ಹುದುಗು ಹೆಚ್ಚಾಗಿ ದೊಡ್ಡ ತೊಟ್ಟಿಯಲ್ಲಿ ಆಗುತ್ತದೆ. ಅದಕ್ಕೇ ಪ್ರೊಸೆಕ್ಕೊದಲ್ಲಿ ಹಣ್ಣಿನ ರುಚಿ ಮುಂದೆ, ಕಾವಾದಲ್ಲಿ ಬ್ರೆಡ್ಡಿನ ರುಚಿ ಮುಂದೆ.

ಸತ್ತ ಯೀಸ್ಟಿನ ಗಷ್ಟಿನ ಜೊತೆ ಎಷ್ಟು ಕಾಲ ಇತ್ತು ಅನ್ನೋದೇ ಇಲ್ಲಿ ಮುಖ್ಯ. ಸಾದಾ ಕಾವಾಕ್ಕೆ ಕನಿಷ್ಠ 9 ತಿಂಗಳು, ಈಗಿನ ನಿಯಮದಲ್ಲಿ ರೆಸೆರ್ವಾಗೆ 18, ಗ್ರಾನ್ ರೆಸೆರ್ವಾಗೆ 30 ತಿಂಗಳು. 9 ತಿಂಗಳಿನದು ಮತ್ತು 30 ತಿಂಗಳಿನದು ಒಂದೇ ಮೇಜಿನ ಮೇಲೆ ಇಟ್ಟು ಕುಡಿಯಿರಿ. ಮೊದಲನೆಯದರಲ್ಲಿ ಹಸಿರು ಸೇಬು, ಗುಳ್ಳೆ ಸ್ವಲ್ಪ ಒರಟು. ಎರಡನೆಯದರಲ್ಲಿ ಹುರಿದ ಕಡಲೆ ಬೀಜ, ಬೆಣ್ಣೆ ಸವರಿ ಸುಟ್ಟ ಬ್ರೆಡ್. ಗುಳ್ಳೆ ಸಣ್ಣದಾಗಿ ಬಾಯಿ ತುಂಬ ಹರಡುತ್ತದೆ.

ದ್ರಾಕ್ಷಿ ಮುಖ್ಯವಾಗಿ ಮೂರು: ಮಕಬೇವೊ, ಪರೆಲ್ಯಾದ, ಶರೆಲ್ಲೊ. ಇವುಗಳಲ್ಲಿ ದೀರ್ಘಕಾಲ ತಡೆಯೋ ಕಸು ಇರೋದು ಶರೆಲ್ಲೊಗೆ. ಹಳೇ ಕಾವಾ ಚೆನ್ನಾಗಿತ್ತು ಅಂದರೆ ಅದರಲ್ಲಿ ಶರೆಲ್ಲೊ ಇದ್ದೇ ಇರುತ್ತದೆ ಅಂತ ಇಲ್ಲಿಯವರು ಹೇಳುತ್ತಾರೆ.

ಗಷ್ಟು ತೆಗೆಯೋದು ನೋಡೋದಕ್ಕೆ ಸೊಗಸು. ಬಾಟಲಿಯನ್ನ ತಲೆಕೆಳಗೆ ಮಾಡಿ ಗಷ್ಟನ್ನ ಕುತ್ತಿಗೆಗೆ ಇಳಿಸಿರುತ್ತಾರೆ. ಕುತ್ತಿಗೆಯನ್ನಷ್ಟೇ ಕೊರೆಯುವ ದ್ರಾವಣದಲ್ಲಿ ಅದ್ದಿ ಹೆಪ್ಪುಗಟ್ಟಿಸಿ, ಬಾಟಲಿ ನೆಟ್ಟಗೆ ಮಾಡಿ ಮುಚ್ಚಳ ತೆಗೆದರೆ, ಒಳಗಿನ ಒತ್ತಡಕ್ಕೆ ಮಂಜಿನ ತುಂಡು ಪಟ್ಟನೆ ಹಾರಿಹೋಗುತ್ತದೆ. ಹೋದಷ್ಟು ಜಾಗಕ್ಕೆ ವೈನ್, ಬೇಕಾದರೆ ಸಕ್ಕರೆ ಸೇರಿಸುತ್ತಾರೆ. ನಿಮ್ಮ ಬಾಟಲಿಗೆ ಆ ಸಕ್ಕರೆ ಸೇರಿಸಿಲ್ಲ. ಲೀಟರಿಗೆ 3 ಗ್ರಾಮಿಗಿಂತ ಕಮ್ಮಿ. ಬ್ರೂತ್ ಅಂದಿದ್ದರೆ 12 ಗ್ರಾಂವರೆಗೆ, ಸೆಮಿ ಸೆಕೊ ಅಂದಿದ್ದರೆ 32ರಿಂದ 50.

ಮೀನಿಗೆ ಭೇಷಾಗಿ ಆಗುತ್ತದೆ. ಎತ್ತರದ ಕೊಳವೆ ಗ್ಲಾಸು ಬೇಡ, ಮೂಗು ಹಿಡಿಸೋ ಬಿಳಿ ವೈನ್ ಗ್ಲಾಸಿನಲ್ಲಿ ಹಾಕಿ.

ಮಾಲ್ಟ್ ಮೋಹಿ

ಕಾವಾ ಹೆಸರು ಬಿಟ್ಟು ಕೆಲವರು ಹೊರಗೆ ಹೋದರು ಅಂತ ಎಲ್ಲೋ ಓದಿದ್ದೆ. ಏನದು?

ಲಂಡನ್ ಕನ್ನಡತಿ

ಹೌದು. ಕಾವಾ ಅನ್ನೋ ಹೆಸರು ಸಾಂತ್ ಸದುರ್ನಿ ಇರೋ ಪೆನೆದೆಸ್ ಪ್ರದೇಶಕ್ಕೆ ಮಾತ್ರ ಸೀಮಿತ ಅಲ್ಲ. ವಲೆನ್ಸಿಯಾ ಕಡೆಯ ರೆಕೇನಾ, ಎಸ್ತ್ರೆಮದುರಾದ ಅಲ್ಮೆಂದ್ರಲೇಹೊ, ರಿಯೋಹಾದ ಕೆಲ ಭಾಗದಲ್ಲೂ ಮಾಡಬಹುದು. ಅಗ್ಗದ ಬಾಟಲಿಗಳು ಸೂಪರ್ ಮಾರ್ಕೆಟ್ ತುಂಬಿದವು. ಶ್ರದ್ಧೆಯಿಂದ ಮಾಡೋರಿಗೂ ಅದೇ ಬೆಲೆ, ಅದೇ ಹೆಸರು. ಕೊನೆಗೆ ಗ್ರಮೋನಾ, ರೆಕರೇದೊ, ಲ್ಯೊಪಾರ್ತ್ ಸೇರಿ ಒಂಬತ್ತು ಮನೆಗಳವರು 2019ರ ಆರಂಭದಲ್ಲಿ ಕಾವಾ ಹೆಸರನ್ನೇ ಬಿಟ್ಟರು. ಈಗ ಕೊರ್ಪಿನ್ನಾತ್ ಅಂತ ಹಾಕ್ತಾರೆ. ಸಾವಯವ ದ್ರಾಕ್ಷಿ, ಕೈಯಲ್ಲೇ ಕೊಯ್ಲು, ಕನಿಷ್ಠ 18 ತಿಂಗಳು.

ನನ್ನ ಅಭಿಪ್ರಾಯ ಕೇಳಿದರೆ ಅವರು ಮಾಡಿದ್ದು ಸರಿ. ಕಲ್ಲುಕಂಬ ಅಣ್ಣ ಕೇಳಿದ ವಿಷಯ ಇಲ್ಲೂ ಇದೆ. ಅಗ್ಗದ ಕಾವಾ ಅಂದರೆ ರೈತನಿಗೆ ದ್ರಾಕ್ಷಿಗೆ ಸಿಗೋ ಬೆಲೆಯೂ ಕಮ್ಮಿ. ಒಳ್ಳೇ ದ್ರಾಕ್ಷಿಗೆ ಒಳ್ಳೇ ಬೆಲೆ ಕೊಡಬೇಕು ಅನ್ನೋದು ಈ ಗುಂಪಿನ ಪಟ್ಟು.

ಧಾರವಾಡದ ಮಳಿ

ಎಲ್ಲಾರ ಮಾತು ಓದಿ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಾಗ ಫಿನೊ ತಗೊಂಡೆ. ಅಮೊಂತಿಯಾದೊ ಸಿಗಲಿಲ್ಲ. ಬಾಟಲಿ ಕಿಟಕಿ ಹತ್ತಿರದ ಕಪಾಟಿನ್ಯಾಗ ನಿಂತಿತ್ತು, ಮೇಲೆ ಧೂಳ. ರೊಕ್ಕ ಏನು ಕಮ್ಮಿ ಅಲ್ಲ. ಬಣ್ಣ ನೀವು ಹೇಳಿದ ಹಂಗ ತಿಳಿ ಇರಲಿಲ್ಲ, ಹಳದಿಗಿಂತ ಗಾಢ. ಬಾದಾಮಿ ವಾಸನಿ ಏನೂ ಬರಲಿಲ್ಲ, ಹಳೇ ಸೇಬಿನ ಹಣ್ಣು ಒಣಗಿಧಂಗ. ಶೆರ್ರಿ ಹಿಂಗ ಇರ್ತದೋ ಏನು ಬಾಟಲಿ ಕೆಟ್ಟಿತ್ತೋ?

ಲಂಡನ್ ಕನ್ನಡತಿ

ಬಾಟಲಿ ಹಳಸಿದೆ. ನಿಮ್ಮ ನಾಲಿಗೆ ಸರಿಯಾಗೇ ಇದೆ.

ಶೆರ್ರಿ ಎಷ್ಟು ವರ್ಷ ಬೇಕಾದರೂ ತಡೆಯುತ್ತೆ ಅನ್ನೋ ಮಾತು ಫಿನೊ, ಮಾನ್ಸಾನಿಯಾ ವಿಷಯದಲ್ಲಿ ಸುಳ್ಳು. ಪೀಪಾಯಿಯಲ್ಲಿ ಅದನ್ನ ಕಾಪಾಡ್ತಾ ಇದ್ದದ್ದು ಫ್ಲೋರ್. ಬಾಟಲಿಗೆ ಬಂದ ಮೇಲೆ ಆ ರಕ್ಷಣೆ ಇಲ್ಲ. ತುಂಬಿದ ಒಂದು ವರ್ಷದೊಳಗೆ ಕುಡಿದರೆ ಚೆಂದ. ಬಿಸಿಲು, ಸೆಖೆ ತಾಗಿದರೆ ಇನ್ನೂ ಬೇಗ ಹೋಗುತ್ತೆ. ಅರ್ಧ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ. ಬಾಟಲಿ ತುಂಬಿದ ದಿನಾಂಕ ಹಿಂದಿನ ಲೇಬಲ್ಲಿನಲ್ಲಿ ಕೆಲವರು ಹಾಕಿರ್ತಾರೆ, ಕೇಳಿ ನೋಡಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಆ ಬಾಟಲಿ ಬಿಟ್ಟು ಒಲೊರೊಸೊ ತಗೊಳ್ಳಿ. ಗಾಳಿಯಲ್ಲೇ ಹಣ್ಣಾದ ವೈನಿಗೆ ಅಂಗಡಿಯ ಕಪಾಟಿನಿಂದ ಅಷ್ಟು ತೊಂದರೆ ಇಲ್ಲ. ನಮ್ಮ ಊರಿನ ಸೆಖೆಗೆ ಅದೇ ಸುರಕ್ಷಿತ.

ಕುಡ್ಲದ ಹುಡುಗಿ

ಕಾವಾ ತೆರೆದದ್ದಾಯಿತು. ಕಾಣೆ ಮೀನಿನ ರವಾ ಫ್ರೈ ಮಾಡಿದ್ದೆವು. ಎಣ್ಣೆಯ ಜಿಡ್ಡನ್ನು ಗುಳ್ಳೆ ಪೂರಾ ತೊಳೆದು ಹಾಕ್ತದೆ, ಪ್ರತಿ ತುತ್ತೂ ಮೊದಲ ತುತ್ತಿನ ಹಾಗೆ. ಅಮ್ಮ ಮಾಡಿದ ಬಂಗುಡೆ ಪುಳಿಮುಂಚಿ ಜೊತೆ ಮಾತ್ರ ಆಗಲಿಲ್ಲ. ಖಾರಕ್ಕೆ ವೈನು ಬರೀ ಹುಳಿ ನೀರಾಯಿತು.

ಶರಾವತಿ ತೀರ

ಬಹಳ ಖುಷಿಯಾಯಿತು ಓದಿ. ಕಾದಿಸ್ ಕಡೆಯವರೂ ಸಣ್ಣ ಮೀನನ್ನ ಹಿಟ್ಟಿನಲ್ಲಿ ಹೊರಳಿಸಿ ಕರಿದು, ಜೊತೆಗೆ ತಣ್ಣನೆ ಮಾನ್ಸಾನಿಯಾ ಕುಡಿಯುತ್ತಾರೆ. ಸಣ್ಣ ಸೀಗಡಿ ಹಾಕಿದ ತೆಳ್ಳನೆಯ ಗರಿಗರಿ ವಡೆಯೂ ಅಲ್ಲಿ ಪ್ರಸಿದ್ಧ. ಅದಕ್ಕೆ ಕಡಲೆ ಹಿಟ್ಟನ್ನೂ ಹಾಕುತ್ತಾರೆ.

ಖಾರಕ್ಕೆ ಶೇ. 15 ಆಲ್ಕೋಹಾಲ್ ಇರೋ ಫಿನೊ ಇನ್ನೂ ಕಷ್ಟ, ಉರಿ ಜಾಸ್ತಿ ಮಾಡುತ್ತದೆ. ಪುಳಿಮುಂಚಿಗೆ ಸೆಮಿ ಸೆಕೊ ಕಾವಾ ಚೆನ್ನಾಗಿ ತಣ್ಣಗೆ ಮಾಡಿ ಪ್ರಯತ್ನಿಸಿ. ಆದರೆ ಉಪ್ಪು, ವಿನೆಗರ್, ಆಲಿವ್, ಉಪ್ಪಿನಲ್ಲಿ ಹುರಿದ ಬಾದಾಮಿ, ಇವುಗಳ ಎದುರು ಬೇರೆ ವೈನು ಸೋತಾಗಲೂ ಫಿನೊ ನಿಲ್ಲುತ್ತದೆ.

ಮಾಲ್ಟ್ ಮೋಹಿ

ಕೆಂಪು ವೈನಿನ ಬಗ್ಗೆ ಎರಡು ಮಾತು ಹೇಳಿ ಸರ್. ಶೀರ್ಷಿಕೆಯಲ್ಲಿ ರಿಯೋಹಾ ಅಂತ ಹಾಕಿದ್ದೀರಿ.

ಶರಾವತಿ ತೀರ

ರಿಯೋಹಾ ಬಗ್ಗೆ ಎಲ್ಲ ಕಡೆ ಬರೆದಿರೋದರಿಂದ ಚಿಕ್ಕದಾಗಿ ಹೇಳ್ತೀನಿ. ದ್ರಾಕ್ಷಿ ಮುಖ್ಯವಾಗಿ ತೆಂಪ್ರನಿಯೊ. ಲೇಬಲ್ಲಿನಲ್ಲಿ ನೋಡಬೇಕಾದ್ದು ಕ್ರಿಯಾಂಸಾ, ರೆಸೆರ್ವಾ, ಗ್ರಾನ್ ರೆಸೆರ್ವಾ. ಕೆಂಪು ಕ್ರಿಯಾಂಸಾ ಕನಿಷ್ಠ 2 ವರ್ಷ, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾ 3 ವರ್ಷ. ಗ್ರಾನ್ ರೆಸೆರ್ವಾ 5 ವರ್ಷ, ಪೀಪಾಯಿಯಲ್ಲಿ 2, ಬಾಟಲಿಯಲ್ಲಿ 2 ಆಗಲೇಬೇಕು. ಅಷ್ಟು ದಿನ ಕಾದು ಮನೆಯ ನೆಲಮಾಳಿಗೆಯಲ್ಲಿ ಇಡೋ ಕೆಲಸ ಅವರೇ ಮಾಡಿಕೊಟ್ಟಿರುತ್ತಾರೆ. ನೀವು ತಂದ ದಿನವೇ ಕುಡಿಯಬಹುದು.

ಹಳೇ ಪದ್ಧತಿಯವರು ಅಮೆರಿಕದ ಓಕ್ ಬಳಸುತ್ತಾರೆ. ಅದರಿಂದ ಕೊಬ್ಬರಿ, ವೆನಿಲಾ ವಾಸನೆ ಬರುತ್ತದೆ. ಆರೊ ಊರಿನ ಲೋಪೆಸ್ ದೆ ಎರೆದಿಯಾದವರು 1877ರಿಂದ ಇದ್ದಾರೆ, ಪೀಪಾಯಿಯನ್ನೂ ತಾವೇ ಮಾಡಿಕೊಳ್ಳುತ್ತಾರೆ. ಅವರ ತೊಂದೊನಿಯಾ ಸಿಕ್ಕರೆ ಬಿಡಬೇಡಿ. ಒಗರು ಕರಗಿ, ಒಣ ಚೆರ್ರಿ, ಚರ್ಮ, ಒಣಗಿದ ಎಲೆಯ ವಾಸನೆ ಉಳಿದಿರುತ್ತದೆ.

ಒಂದು ಎಚ್ಚರ. ಕೆಂಪು ವೈನನ್ನ ಕೋಣೆಯ ಉಷ್ಣತೆಯಲ್ಲಿ ಕುಡೀಬೇಕು ಅನ್ನೋದು ಚಳಿ ದೇಶದ ಮಾತು. ನಮ್ಮ ಕಡೆ ಕೋಣೆ 28 ಡಿಗ್ರಿ ಇರುತ್ತದೆ. ರಿಯೋಹಾಕ್ಕೆ 16ರಿಂದ 18 ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟು ತೆಗೆಯಿರಿ. ಫಿನೊ, ಕಾವಾ 7ರಿಂದ 9 ಡಿಗ್ರಿ. ಒಲೊರೊಸೊ 12ರಿಂದ 14.

ಕಲ್ಲುಕಂಬ

ಊರಲ್ಲಿ ಸ್ನೇಹಿತರೆಲ್ಲ ಸೇರಿ ಒಂದು ಸಂಜೆ ರುಚಿ ನೋಡೋಣ ಅಂತ ಇದ್ದೀವಿ. ಯಾವುದರಿಂದ ಯಾವುದಕ್ಕೆ ಹೋಗಬೇಕು?

ಲಂಡನ್ ಕನ್ನಡತಿ

ತಿಳಿಯಿಂದ ಗಾಢಕ್ಕೆ, ಸಿಹಿ ಕೊನೆಗೆ. ಮೊದಲು ಕಾವಾ, ಆಮೇಲೆ ನಿಮಗಾಗಿ ಅಲ್ಬರೀನ್ಯೊ, ಆಮೇಲೆ ಫಿನೊ ಅಥವಾ ಮಾನ್ಸಾನಿಯಾ. ಇಲ್ಲಿ ಸ್ವಲ್ಪ ನಿಲ್ಲಿಸಿ ಏನಾದರೂ ತಿನ್ನಿ. ರಿಯೋಹಾ ಊಟದ ಜೊತೆ. ಅಮೊಂತಿಯಾದೊ, ಒಲೊರೊಸೊ ಊಟ ಆದ ಮೇಲೆ. ಕೊನೆಗೆ ಪೆದ್ರೊ ಹಿಮೆನೆಸ್ ಒಂದೊಂದು ಗುಟುಕು. ಶೆರ್ರಿಯನ್ನ 50 ಮಿಲಿಗಿಂತ ಜಾಸ್ತಿ ಹಾಕಬೇಡಿ, ಮದ್ಯಸಾರ ಸೇರಿಸಿದ ವೈನು ಅದು, ಬೇಗ ಏರುತ್ತೆ. ಉಗುಳೋ ಪಾತ್ರೆ ಇಡಿ, ನೀರು ಇಡಿ, ಗಾಡಿ ಓಡಿಸೋರು ಉಗುಳಲಿ.

ಧಾರವಾಡದ ಮಳಿ

ಕೊನೇ ಪ್ರಶ್ನೆ ಮೇಡಂ. ಉಳಿದ ಬಾಟಲಿ ಎಷ್ಟು ದಿನ ಇಡಬಹುದು?

ಲಂಡನ್ ಕನ್ನಡತಿ

ಎಲ್ಲವನ್ನೂ ಬಿರಡೆ ಹಾಕಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಕಾವಾಕ್ಕೆ ಒತ್ತಡ ತಡೆಯೋ ಮುಚ್ಚಳ ಬೇಕು, ಮಾರನೇ ದಿನ ಮುಗಿಸಿ. ಫಿನೊ ಒಂದು ವಾರ. ಅಮೊಂತಿಯಾದೊ ಎರಡು ಮೂರು ವಾರ, ಒಲೊರೊಸೊ ಒಂದೆರಡು ತಿಂಗಳು. ಪೆದ್ರೊ ಹಿಮೆನೆಸ್ ಅಷ್ಟು ಸಕ್ಕರೆ ಇರೋದರಿಂದ ಇನ್ನೂ ಜಾಸ್ತಿ ತಡೆಯುತ್ತೆ, ವೆನಿಲಾ ಐಸ್‌ಕ್ರೀಮಿನ ಮೇಲೆ ಸುರಿದು ತಿನ್ನಿ, ಸ್ಪೇನಿನಲ್ಲೂ ಹಾಗೇ ತಿನ್ತಾರೆ. ಆ ಹಳಸಿದ ಫಿನೊ ಇನ್ನೂ ಇದ್ದರೆ ಚೆಲ್ಲಬೇಡಿ. ಬೆಳ್ಳುಳ್ಳಿ ಹಾಕಿ ಅಣಬೆ ಹುರಿಯುವಾಗ ಅರ್ಧ ಲೋಟ ಹಾಕಿ, ದೊಡ್ಡ ಉರಿಯಲ್ಲಿ ಬತ್ತಿಸಿ.